ಪೂರ್ತಿ ಒಂದು ನಿಮಿಷ

ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾದಲ್ಲಿ ಏನೇನು ಓದಿದೆವು ಅಂತ ಕೇಳಿದರೆ ಅರ್ಧವೂ ನೆನಪಿಲ್ಲ. ಮೈಕ್ರೋಬಯಾಲಜಿ ಅಂತೂ ಸೊನ್ನೆ. ಆದರೆ ಮೊನ್ನೆ ತೀರಿಕೊಂಡ ನಮ್ಮ ಫಂಡಮೆಂಟಲ್ಸ್ (ನರ್ಸಿಂಗಿನ ಮೂಲಪಾಠ) ಮ್ಯಾಡಂ ಹೇಳಿಕೊಟ್ಟದ್ದು ಮಾತ್ರ ಕೈಯಲ್ಲೇ ಕೂತಿದೆ.

ಮ್ಯಾಡಂ ಕೈಗೆ ವಾಚು ಕಟ್ಟುತ್ತಿರಲಿಲ್ಲ, ಕೈ ತೊಳೆಯೋಕೆ ಅಡ್ಡ ಅಂತ. ಎದೆಯ ಹತ್ತಿರ ಪಿನ್ನು ಹಾಕಿದ ವಾಚು ತಲೆಕೆಳಗಾಗಿ ನೇತಾಡುತ್ತಿತ್ತು. ನಾಡಿ ನೋಡಿದರೆ ಪೂರ್ತಿ ಒಂದು ನಿಮಿಷ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದವರ ಪ್ರೊಸೀಜರ್ ಬುಕ್ಕಿಗೆ ಸಹಿ ಇಲ್ಲ. 'ತಪ್ಪೋ ನಾಡಿ ನಿನ್ನ 15 ಸೆಕೆಂಡಿನಲ್ಲೇ ತಪ್ಪಬೇಕು ಅಂತ ಕಾನೂನಿದೆಯೇನೇ?' ಎನ್ನುತ್ತಿದ್ದರು. ಎಣಿಸಿ ಆದ ಮೇಲೂ ಮಣಿಕಟ್ಟು ಬಿಡಬಾರದು, ಇನ್ನೂ ನಾಡಿ ನೋಡುತ್ತಿರುವ ಹಾಗೇ ನಟಿಸುತ್ತಾ ಎದೆ ಏರಿಳಿಯುವುದನ್ನು ಎಣಿಸಬೇಕು, ಯಾಕೆಂದರೆ ನೋಡುತ್ತಿದ್ದಾರೆ ಅಂತ ಗೊತ್ತಾದರೆ ರೋಗಿಯ ಉಸಿರೇ ಬದಲಾಗಿಬಿಡುತ್ತದೆ.

ಹಾಸ್ಟೆಲ್ ವಾರ್ಡನ್ನೂ ಅವರೇ. ಒಂದು ಶನಿವಾರ ಡೆಮೊ ರೂಮಿನ ಮ್ಯಾನಿಕಿನ್, ಅದೇ ರೋಗಿಯ ಗೊಂಬೆ, ಹೊತ್ತು ತಂದು, ಮಂಚದ ಮೇಲೆ ಮಲಗಿಸಿ, ಕಂಬಳಿ ಹೊದಿಸಿ ಸೆಕೆಂಡ್ ಶೋಗೆ ಓಡಿದ್ದೆವು. ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ಜ್ವರ, ನಾಡಿ, ಉಸಿರು ಬರೆಯುವ ಟಿಪಿಆರ್ ಚಾರ್ಟ್! ಅವರದೇ ಅಕ್ಷರ. ಮೈ ತಣ್ಣಗಿದೆ. ನಾಡಿ ಇಲ್ಲ. ಉಸಿರಿಲ್ಲ. ಅಟೆಂಡರುಗಳು ಸಿನಿಮಾಕ್ಕೆ ಹೋಗಿದ್ದಾರೆ. ಕೆಳಗೆ ಇನ್ನೊಂದು ಸಾಲು: 'ಪೂರ್ತಿ ಒಂದು ನಿಮಿಷ ಎಣಿಸಿದ್ದೇನೆ.' ಶಿಕ್ಷೆ ಏನು ಗೊತ್ತಾ? ಭಾನುವಾರವಿಡೀ ಆ ಮ್ಯಾನಿಕಿನ್‌ಗೆ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನು, ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ ಎಲ್ಲಾ ನೋಡಿ, ಬೆಡ್‌ಸೋರ್ (ಮಲಗಿದಲ್ಲೇ ಮಲಗಿ ಆಗುವ ಹುಣ್ಣು) ಇಲ್ಲ ಅಂತ ಬರೆದು ಸಹಿ ಹಾಕಬೇಕು. ರಾತ್ರಿ ಹತ್ತರವರೆಗೂ ಹಾಕಿದೆವು.

ವಾರ್ಡಿನಲ್ಲಿ ಅವರದು ಒಂದೇ ಪಾಠ. ಕೂಗುವವನ ಉಸಿರಿನ ದಾರಿ ತೆರೆದೇ ಇದೆ, ಸುಮ್ನಿರುವವನನ್ನು ಮೊದಲು ನೋಡು.

ಈಗ ನಾನು ಅಮೆರಿಕದಲ್ಲಿ ನರ್ಸ್. ಅದಕ್ಕೆ ಎನ್‌ಕ್ಲೆಕ್ಸ್ ಅನ್ನೋ ಲೈಸೆನ್ಸ್ ಪರೀಕ್ಷೆ ಬರೆಯಬೇಕು, ಬೆಂಗಳೂರಲ್ಲೇ ಸೆಂಟರ್ ಇದೆ. 5 ಗಂಟೆ, ಕಡಿಮೆ ಅಂದರೆ 85 ಪ್ರಶ್ನೆ, ಜಾಸ್ತಿ ಅಂದರೆ 150. ಸರಿ ಬರೆದ ಹಾಗೆಲ್ಲ ಪ್ರಶ್ನೆ ಕಷ್ಟವಾಗುತ್ತಾ ಹೋಗುತ್ತದೆ. ನನಗೆ 85ಕ್ಕೇ ನಿಂತುಹೋಯಿತು. ಚೆನ್ನಾಗಿ ಬರೆದವರಿಗೂ ಪೂರಾ ಕೆಟ್ಟದಾಗಿ ಬರೆದವರಿಗೂ ಅಲ್ಲೇ ನಿಲ್ಲುತ್ತದೆ, ಹೊಟ್ಟೆ ಕಲಸಿದ್ದು ಅದಕ್ಕೇ. ಪಾಸಾಗಿದ್ದೆ ಬಿಡಿ, ನಮ್ಮ ಬ್ಯಾಚಿನಲ್ಲಿ ನಾನೇ ಮೊದಲು! ಮೂರ್ನಾಲ್ಕು ಜನ ರೋಗಿಗಳನ್ನು ಕೊಟ್ಟು ಮೊದಲು ಯಾರ ಹತ್ತಿರ ಹೋಗುತ್ತೀರಿ ಅಂತ ಕೇಳುವುದು ಅಲ್ಲಿ ಮಾಮೂಲು. ನೋವು ಅಂತ ಕೂಗುವವರು ಒಬ್ಬರು, ಊಟ ಬರಲಿಲ್ಲ ಅಂತ ರೇಗುವವರು ಒಬ್ಬರು, ಮೂಲೆಯಲ್ಲಿ ಇದ್ದಕ್ಕಿದ್ದಂತೆ ಚಡಪಡಿಸುತ್ತಾ ನಾನೆಲ್ಲಿದ್ದೇನೆ ಅಂತ ಗೊಣಗುವವರು ಒಬ್ಬರು. ಆಮ್ಲಜನಕ ಕಡಿಮೆಯಾದಾಗ ಮೊದಲು ಕಾಣುವುದು ಆ ಗೊಂದಲವೇ, ಮೈ ನೀಲಿಯಾಗುವುದು ತಡವಾಗಿ. ಕೋಚಿಂಗಿನವರು ಇದನ್ನು ದುಡ್ಡು ತಗೊಂಡು ಹೇಳುತ್ತಾರೆ. ಮ್ಯಾಡಂ ಬೈದು ಹೇಳಿದ್ದರು.

ಈಗಿನ ಮಕ್ಕಳು ಬುದ್ಧಿವಂತರು, ನನಗಿಂತ ಜಾಸ್ತಿ ಓದುತ್ತಾರೆ. ಆದರೆ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನಂಬರ್ ಬರೆದುಕೊಂಡು ಮುಂದಿನ ಮಂಚಕ್ಕೆ ಹೋಗುತ್ತಾರಲ್ಲ, ನೋಡಿದರೆ ಸಿಟ್ಟು ಬರುತ್ತದೆ. ಕೈ ಮುಟ್ಟಿದರೆ ತಾನೇ ಮೈ ಬೆವರಿದೆಯೋ ತಣ್ಣಗಿದೆಯೋ ಗೊತ್ತಾಗೋದು?

ಪರೀಕ್ಷೆ ಬರೆಯುವವರಿದ್ದರೆ ಕಾಲೇಜಿನ ಆಫೀಸಿನಲ್ಲಿ ನನ್ನ ನಂಬರ್ ಇದೆ. ರಜೆಯ ದಿನ ಕೂತು ಹೇಳಿಕೊಡುತ್ತೇನೆ. ಕ್ವೆಶ್ಚನ್ ಬ್ಯಾಂಕಿನ ಪಿಡಿಎಫ್ ಮಾತ್ರ ಕೇಳಬೇಡಿ.