ಹದಿನಾರನೇ ಹಗ್ಗ

1996ರ ಜುಲೈನಲ್ಲಿ ನಾನು ನವೋದಯ ವಸತಿ ಶಾಲೆಗೆ ಸೇರಿದೆ. ಆರನೇ ಕ್ಲಾಸು, ಹತ್ತು ವರ್ಷ. ಟ್ರಂಕಿನ ಮುಚ್ಚಳದ ಮೇಲೆ ಅವ್ವ ಪೇಂಟರ್ ಹತ್ತಿರ ನನ್ನ ಹೆಸರು ಬರೆಸಿದ್ದಳು. ಜಾಗ ಸಾಲದೆ ಕೊನೆಯ ಅಕ್ಷರ ಮೂಲೆಗೆ ಹೋಗಿ ಮುದುಡಿಕೊಂಡಿತ್ತು. ಮೊದಲ ವಾರ ಪೂರ್ತಿ ನಾನೂ ಹಾಗೇ ಇದ್ದೆ.

ಅಳೋಕೆ ಕಾರಣವೇ ಇರಲಿಲ್ಲ ಅನ್ನಬೇಕು. ಊಟ, ಬಟ್ಟೆ, ಪುಸ್ತಕ, ಸೋಪು ಎಲ್ಲ ಸರ್ಕಾರದ್ದು. ಪರೀಕ್ಷೆ ಪಾಸಾಗಿ ಬಂದವರಲ್ಲಿ ಮುಕ್ಕಾಲು ಪಾಲು ಮಕ್ಕಳು ಹಳ್ಳಿಯವರೇ. ಊರಲ್ಲೆಲ್ಲ ಅಪ್ಪ ಬೀಗುತ್ತಾ ಹೇಳಿಕೊಂಡು ತಿರುಗುತ್ತಿದ್ದ. ಆದರೆ ಹಾಸ್ಟೆಲಿನ ಸಂಜೆ ಇದೆಯಲ್ಲ, ಅದು ಬೇರೆಯೇ ವಿಷಯ. ಆಟ ಮುಗಿದು, ಕೈಕಾಲು ತೊಳೆದು, ಸ್ಟಡಿ ಬೆಲ್ ಹೊಡೆಯೋವರೆಗೆ ಮುಕ್ಕಾಲು ಗಂಟೆ ಖಾಲಿ. ಅದೇ ಹೊತ್ತಿಗೆ ಮನೆಯಲ್ಲಿ ದನ ಕೊಟ್ಟಿಗೆಗೆ ಬರುತ್ತವೆ, ಅವ್ವ ದೀಪ ಹಚ್ಚುತ್ತಾಳೆ ಅನ್ನೋದು ಪ್ರತಿಯೊಬ್ಬನಿಗೂ ಗೊತ್ತು. ಒಬ್ಬ ಮೂಗು ಎಳೆದರೆ ಸಾಕು, ಹತ್ತು ನಿಮಿಷದಲ್ಲಿ ಇಡೀ ಡಾರ್ಮಿಟರಿ ಮೂಗು ಎಳೆಯುತ್ತಿತ್ತು. ಅಳು ನೆಗಡಿಗಿಂತ ಬೇಗ ಹರಡುತ್ತೆ.

ಸಮಾಧಾನ ಮಾಡೋರಿಗೇನೂ ಕಡಿಮೆ ಇರಲಿಲ್ಲ. ಮೇಷ್ಟ್ರುಗಳು, ಸೀನಿಯರ್ ಅಣ್ಣಂದಿರು, ವಾಚ್‌ಮನ್ ಕೂಡ. "ದೊಡ್ಡ ಹುಡುಗ ಅಲ್ವಾ, ಅಳಬಾರದು" ಅಂತ ಎಲ್ಲರದ್ದೂ ಒಂದೇ ಮಾತು. ಅದನ್ನು ಕೇಳಿದಾಗೆಲ್ಲ ಇನ್ನೂ ಜಾಸ್ತಿ ಅಳು ಬರುತ್ತಿತ್ತು.

ಮೆಸ್‌ನಲ್ಲಿ ಚಪಾತಿ ಲಟ್ಟಿಸುತ್ತಿದ್ದ ಒಬ್ಬ ಅಕ್ಕ ಇದ್ದರು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಎಲ್ಲರಿಗೂ ಮೆಸ್ ಅಕ್ಕ. ನಾಗಮಂಗಲದ ಕಡೆಯವರು. ಅವರ ಊರಲ್ಲಿ ಜಡೆ ಕೋಲಾಟ ಜೋರು. ರಾಜ್ಯೋತ್ಸವಕ್ಕೆ ಹುಡುಗರಿಗೆ ಏನಾದರೂ ಕಲಿಸಬೇಕು ಅಂತ ಮ್ಯೂಸಿಕ್ ಮೇಡಂ ಹುಡುಕುತ್ತಿದ್ದಾಗ ಅಕ್ಕ, "ನಾನು ಹೇಳ್ಕೊಡ್ತೀನಿ ಬುಡಿ, ಆದ್ರೆ ಸಂಜೆ ಹೊತ್ತೇ ಆಗ್ಬೇಕು" ಅಂದರಂತೆ. ಅಡುಗೆ ಕೆಲಸದ ನಡುವೆ ಅವರಿಗೆ ಬಿಡುವಿದ್ದದ್ದೇ ಅಷ್ಟು. ನಾನು ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ನಾವು ಅಳುವ ಹೊತ್ತು ಯಾವುದು ಅಂತ ಅಡುಗೆಮನೆ ಕಿಟಕಿಯಿಂದ ಅವರಿಗೆ ದಿನಾ ಕೇಳಿಸುತ್ತಿತ್ತು.

ಜಡೆ ಕೋಲಾಟ ನೋಡದವರಿಗೆ ಒಂದು ಮಾತು. ಮೇಲೆ ಒಂದು ಕೊಕ್ಕೆ. ಅದರಿಂದ ಇಳಿಬಿದ್ದ ಬಣ್ಣಬಣ್ಣದ ಹಗ್ಗಗಳು. ನಮ್ಮದರಲ್ಲಿ 16 ಇದ್ದವು, ಎಲ್ಲ ಹಳೆ ಸೀರೆ ಹರಿದು ಹೊಸೆದದ್ದು. ಎಡಗೈಯಲ್ಲಿ ಹಗ್ಗದ ತುದಿ, ಬಲಗೈಯಲ್ಲಿ ಕೋಲು. ಎಂಟು ಜನ ಬಲಕ್ಕೆ ಸುತ್ತುತ್ತಾರೆ, ಎಂಟು ಜನ ಎಡಕ್ಕೆ. ಎದುರಿಗೆ ಬಂದವನ ಕೋಲಿಗೆ ಹೊಡೆದು ಅವನ ಒಳಗಿನಿಂದ ಹೋಗಬೇಕು, ಮುಂದಿನವನ ಹೊರಗಿನಿಂದ. ಒಳಗೆ, ಹೊರಗೆ, ಒಳಗೆ, ಹೊರಗೆ. ನೀವು ಕೆಳಗೆ ಕುಣಿಯುತ್ತಿದ್ದ ಹಾಗೆ ಮೇಲೆ ಜಡೆ ಹೆಣೆದುಕೊಳ್ಳುತ್ತಾ ಬರುತ್ತೆ. ಆಮೇಲೆ ಉಲ್ಟಾ ಹೆಜ್ಜೆ ಹಾಕಿ ಅದನ್ನು ಬಿಚ್ಚಬೇಕು. ಹೆಣೆಯುವಾಗ ಒಬ್ಬ ಒಂದೇ ಸಲ ತಪ್ಪಿದರೂ ಬಿಚ್ಚುವಾಗ ಅಲ್ಲೇ ಗಂಟು. ಗಂಟು ಬಿದ್ದರೆ 16 ಜನವೂ ನಿಂತು ಕತ್ತೆತ್ತಿ ಮೇಲೆ ನೋಡಬೇಕು.

ಮೊದಲ ದಿನ ನಾನು ಹಗ್ಗ ಹಿಡಿದುಕೊಂಡೇ ಅಳುತ್ತಿದ್ದೆ. ಅಕ್ಕ ಬಂದು ಕಣ್ಣು ಒರೆಸುತ್ತಾರೆ ಅಂದುಕೊಂಡೆ. ಅವರು ಒರೆಸಲಿಲ್ಲ. "ಅಳ್ತಾನೇ ಹಾಕು ಕಣಪ್ಪ ಹೆಜ್ಜೆಯ. ನಿನ್ ಜೊತೆಗಾರ ಕೋಲ್ ಎತ್ಕೊಂಡು ಕಾಯ್ತಾವ್ನೆ" ಅಂದರು.

ನೋಡಿದರೆ ನಿಜವಾಗಿಯೂ ಎದುರಿಗೆ ಒಬ್ಬ ಕೋಲು ಎತ್ತಿಕೊಂಡು ನಿಂತಿದ್ದ. ಹೊಡೆದೆ. ಅಳು ನಿಲ್ಲಲಿಲ್ಲ. ಮುಂದಿನವನು ಬಂದ. ಅವನಿಗೂ ಹೊಡೆದೆ. ಒಂದು ಸುತ್ತು ಮುಗಿಯೋ ಹೊತ್ತಿಗೆ ಒಳಗೋ ಹೊರಗೋ ಅಂತ ಲೆಕ್ಕ ಇಡೋದರಲ್ಲಿ ಅಳೋದು ಮರೆತೇ ಹೋಗಿತ್ತು.

ಹಾಗೆ ಕೋಲು ಎತ್ತಿಕೊಂಡು ನಿಂತಿದ್ದವನು ಒಂಬತ್ತನೇ ಕ್ಲಾಸಿನವನು. ಮಧ್ಯಪ್ರದೇಶದಿಂದ ಬಂದವನು. ನವೋದಯದಲ್ಲಿ ಓದಿದವರಿಗೆ 'ಮೈಗ್ರೇಷನ್' ಗೊತ್ತು. ಒಂಬತ್ತನೇ ಕ್ಲಾಸಿನ ಶೇ. 30ರಷ್ಟು ಮಕ್ಕಳು ಹಿಂದಿ ಸೀಮೆಯ ಒಂದು ಶಾಲೆಗೆ ಹೋಗುತ್ತಾರೆ, ಅಲ್ಲಿಂದ ಅಷ್ಟೇ ಮಕ್ಕಳು ಇಲ್ಲಿಗೆ ಬರುತ್ತಾರೆ. ನಾವು ಮನೆ ಬಿಟ್ಟು 40 ಕಿಲೋಮೀಟರ್ ಬಂದಿದ್ದಕ್ಕೆ ಇಷ್ಟು ಗೋಳು. ಅವನು ಎರಡು ರಾತ್ರಿ ರೈಲಿನಲ್ಲಿ ಕೂತು ಬಂದಿದ್ದ. ಭಾಷೆ ಬರಲ್ಲ, ಮುದ್ದೆ ನುಂಗೋಕೆ ಬರಲ್ಲ. ಮುದ್ದೆಯನ್ನು ಅಗಿಯುತ್ತಿದ್ದ ಪಾಪ. ಎರಡು ವಾರ ಅವನು ಯಾರ ಹತ್ತಿರವೂ ಮಾತಾಡಿದ್ದು ನಾನು ನೋಡಿರಲಿಲ್ಲ. ಕೋಲಾಟಕ್ಕೆ ಅವನನ್ನು ಯಾರೂ ಕರೆದೂ ಇರಲಿಲ್ಲ. ಅಕ್ಕ ಕೋಲುಗಳನ್ನು ನೆಲದ ಮೇಲೆ ಸುರಿದಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ತಾನಾಗಿ ಬಂದು ಎರಡು ಕೋಲು ಎತ್ತಿಕೊಂಡ. ಟಕ್ ಟಕ್ ಅಂತ ಒಂದು ಗತ್ತು ಬಾರಿಸಿದ. "ಹಮಾರೇ ಯಹಾಂ ಭೀ" ಅಂದ. ನಮ್ಮಲ್ಲೂ ಇದೆ ಅಂತ. ಅವನದ್ದು ಬುಂದೇಲಖಂಡ. ಅಲ್ಲಿ ಮಳೆಗಾಲದಲ್ಲಿ ಗಂಡಸರು ಕೋಲು ಹಿಡಿದು ಸೈರಾ ಅಂತ ಕುಣಿಯುತ್ತಾರೆ. ಅವನು ಬಂದಿದ್ದೂ ಅದೇ ಹೊತ್ತಿನಲ್ಲಿ. ಊರಲ್ಲಿ ಅವನ ಅಪ್ಪ, ಚಿಕ್ಕಪ್ಪ ಕುಣಿಯುತ್ತಿದ್ದ ದಿನಗಳವು.

ಅವನು ಅಕ್ಕನಿಗೆ ಅವನ ಗತ್ತು ತೋರಿಸಿದ. ಅಕ್ಕ ಲಟ್ಟಣಿಗೆ ಹಿಡಿದ ಕೈಯಲ್ಲೇ ಅದನ್ನು ವಾಪಸ್ ಬಾರಿಸಿದರು. ಹಿಂದಿ ಅಕ್ಕನಿಗೆ ಬರುತ್ತಿರಲಿಲ್ಲ, ಕನ್ನಡ ಅವನಿಗೆ ಬರುತ್ತಿರಲಿಲ್ಲ. ಐದು ನಿಮಿಷ ಇಬ್ಬರೂ ಬಾರಿಸಿಕೊಂಡೇ ಮಾತಾಡಿದರು. ಅವತ್ತಿನಿಂದ ಅವನು ನಮಗೆಲ್ಲ ಭೈಯಾ, ನನಗೆ ಜೋಡಿ.

ಎಲ್ಲರಿಗೂ ಇದು ಒಗ್ಗಿತು ಅಂತ ಹೇಳಲಾರೆ. ನಮ್ಮ ಬ್ಯಾಚಿನ ಒಬ್ಬ ದಸರಾ ರಜೆಗೆ ಹೋದವನು ತಿರುಗಿ ಬರಲೇ ಇಲ್ಲ. ಟಿ.ಸಿ. ತಗೊಂಡ. ಅವನು ಕೋಲಾಟದಲ್ಲಿ ಇದ್ದವನೇ, ಚೆನ್ನಾಗಿಯೇ ಹಾಕುತ್ತಿದ್ದ. ಇನ್ನೊಬ್ಬಳು ಹುಡುಗಿ, ಏನು ಮಾಡಿದರೂ ಕುಣಿಯಲ್ಲ ಅಂತ ಗೋಡೆಗೆ ಒರಗಿ ಕೂತಳು. ಅಕ್ಕ ಅವಳನ್ನು ಎಳೆಯಲಿಲ್ಲ. ದಿನಾ ಕೋಲು ಎಣಿಸಿ ಕೊಡೋದು, ಎಣಿಸಿ ವಾಪಸ್ ತಗೊಳ್ಳೋದು ಅವಳ ಕೆಲಸ ಅಂದರು. ಒಂದು ಕೋಲು ಕಡಿಮೆಯಾದರೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಜಬರಿಸುತ್ತಿದ್ದಳು. ಕೊನೆವರೆಗೂ ಒಂದು ಹೆಜ್ಜೆ ಹಾಕಲಿಲ್ಲ. ಆದರೆ ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ.

ಅಕ್ಟೋಬರ್‌ನ ಒಂದು ಭಾನುವಾರ. ಪೇರೆಂಟ್ಸ್ ಬರೋ ದಿನ. ಅಪ್ಪ ಯಾವಾಗಲೂ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದ, ಹಾಗಾಗಿ ಬೆಳಿಗ್ಗೆ ಪ್ರಾಕ್ಟೀಸ್ ಇಟ್ಟುಕೊಂಡಿದ್ದೆವು. ಜಡೆ ಮುಕ್ಕಾಲು ಹೆಣೆದಾಗಿತ್ತು. ಕಿಟಕಿಯಲ್ಲಿ ಅಪ್ಪನ ಬಿಳಿ ಟವಲ್ ಕಂಡಿತು. ನಾನು ಹಗ್ಗ ಬಿಟ್ಟು ಓಡಿದೆ. ಹಿಂದೆ ಏನಾಯಿತು ಅಂತ ತಿರುಗಿಯೂ ನೋಡಲಿಲ್ಲ.

ಬೇವಿನ ಮರದ ಕೆಳಗೆ ಕೂತು ಕೊಬ್ಬರಿ, ಬೆಲ್ಲ, ಅವ್ವ ಕೊಟ್ಟ ಚಕ್ಲಿ ತಿಂದೆ. ನಮ್ಮ ಎಮ್ಮೆ ಕರು ಹಾಕಿತ್ತಂತೆ, ಹೆಣ್ಣು ಕರು. ಒಂದು ಗಂಟೆ ಆಯಿತೋ ಒಂದೂವರೆ ಆಯಿತೋ. ಅಪ್ಪನಿಗೆ ಜಡೆ ತೋರಿಸೋಣ ಅಂತ ಪ್ರಾಕ್ಟೀಸ್ ಹಾಲ್‌ಗೆ ಕರೆದುಕೊಂಡು ಬಂದೆ.

ಎಲ್ಲರೂ ಅವರವರ ಅಪ್ಪ ಅಮ್ಮನ ಹತ್ತಿರ ಹೋಗಿದ್ದರು. ಉಳಿದ ಹಗ್ಗಗಳನ್ನು ಕಿಟಕಿ ಸರಳಿಗೆ ಒಂದೊಂದಾಗಿ ಕಟ್ಟಿದ್ದರು. ಭೈಯಾ ಒಬ್ಬನೇ ನಡುವೆ ನೆಲದ ಮೇಲೆ ಕೂತಿದ್ದ. ಎಡಗೈಯಲ್ಲಿ ಅವನ ಹಸಿರು ಹಗ್ಗ, ಬಲಗೈಯಲ್ಲಿ ನನ್ನ ಹಳದಿ ಹಗ್ಗ. ಎರಡೂ ಬಿಗಿಯಾಗಿದ್ದವು. ಹಗ್ಗ ಸಡಿಲ ಬಿಟ್ಟರೆ ಮೇಲೆ ಹೆಣಿಗೆ ಕದಲುತ್ತೆ ಅಂತ ಅಕ್ಕ ಹೇಳಿಕೊಟ್ಟಿದ್ದರು. ಅವನನ್ನು ನೋಡೋಕೆ ಆ ಭಾನುವಾರ ಯಾರೂ ಬರೋದು ಇರಲಿಲ್ಲ. ಯಾವ ಭಾನುವಾರವೂ ಇರಲಿಲ್ಲ. ನನ್ನನ್ನು ನೋಡಿ ಹಳದಿ ಹಗ್ಗ ಮುಂದೆ ಚಾಚಿ "ತಗೋ" ಅಂದ. ಅವನ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ ಮಾತು.

ಅಪ್ಪ ಟವಲಿನಲ್ಲಿ ಉಳಿದಿದ್ದ ಚಕ್ಲಿಯನ್ನೆಲ್ಲ ಅವನ ಮಡಿಲಿಗೆ ಸುರಿದ. ಮುಂದಿನ ತಿಂಗಳಿಂದ ಅಪ್ಪ ತರುತ್ತಿದ್ದದ್ದು ಎರಡು ಪೊಟ್ಟಣ.

ನಾನೀಗ ಬೆಂಗಳೂರಿನಲ್ಲಿ ಮಕ್ಕಳ ಆಪ್ತಸಮಾಲೋಚನೆ ಮಾಡುತ್ತೇನೆ. ನೃತ್ಯ ಚಿಕಿತ್ಸೆಯ ತರಬೇತಿಗೂ ಹೋಗಿ ಬಂದೆ. 2015ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರೆಜಿಲ್‌ನ ಹೈಸ್ಕೂಲು ಮಕ್ಕಳನ್ನು ಗುಂಪು ಮಾಡಿ ಕುಣಿಸಿದ್ದರು. ಕುಣಿಯುವ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ ಬಿ.ಪಿ. ನೋಡೋ ಪಟ್ಟಿಯನ್ನು ತೋಳಿಗೆ ಬಿಗಿದು ಎಷ್ಟು ನೋವು ತಡೀತಾರೆ ಅಂತ ಅಳೆದರು. ಒಂದೇ ತಾಳಕ್ಕೆ ಒಂದೇ ಹೆಜ್ಜೆ ಹಾಕಿದ ಮಕ್ಕಳು ಜಾಸ್ತಿ ನೋವು ತಡೆದರು, ಒಬ್ಬರಿಗೊಬ್ಬರು ಹತ್ತಿರದವರು ಅಂತಲೂ ಹೇಳಿದರು. ಅದನ್ನು ಓದುವಾಗ ನನ್ನ ಬಲಗೈ ಗೆಣ್ಣು ನೋಡಿಕೊಂಡು ನಗು ಬಂತು. ದಿನಾ ಗೆಣ್ಣಿಗೆ ಕೋಲಿನ ಏಟು ಬಿದ್ದು ನೀಲಿಗಟ್ಟಿರುತ್ತಿತ್ತು. ನೋವು ಗೊತ್ತಾಗುತ್ತಿದ್ದದ್ದು ರಾತ್ರಿ ತಟ್ಟೆ ತೊಳೆಯುವಾಗಲೇ. ಕೊಲ್ಕತ್ತಾದಲ್ಲಿ ಸೋಹಿನಿ ಚಕ್ರವರ್ತಿ 2004ರಲ್ಲಿ ಕಟ್ಟಿದ ಸಂವೇದ್ ಸಂಸ್ಥೆ, ಮಾನವ ಕಳ್ಳಸಾಗಣೆಗೆ ಸಿಕ್ಕಿ ಪಾರಾಗಿ ಬಂದ ಹೆಣ್ಣುಮಕ್ಕಳ ಜೊತೆ ನೃತ್ಯದ ಮೂಲಕವೇ ಕೆಲಸ ಮಾಡುತ್ತೆ. ಅವರ ದುಃಖದ ಮುಂದೆ ನಮ್ಮದು ಏನೂ ಅಲ್ಲ, ನಮಗೆ ತಿಂಗಳಿಗೊಮ್ಮೆ ಚಕ್ಲಿ ಬರುತ್ತಿತ್ತು.

ತರಬೇತಿಯಲ್ಲಿ 'ಭಾವನೆ ಹೊರಹಾಕುವುದು' ಅಂತ ಬಹಳ ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತೆ. ಕೋಲಾಟದಲ್ಲಿ ನಾವು ಏನನ್ನೂ ಹೊರಹಾಕಲಿಲ್ಲ. ಮನೆ ಬಿಟ್ಟು ಬಂದ ಮಗುವನ್ನು ಎಲ್ಲರೂ ಸಮಾಧಾನ ಮಾಡುತ್ತಾರೆ, ಆದರೆ ಅದು ಇಲ್ಲದಿದ್ದರೆ ಯಾರ ಕೆಲಸವೂ ನಿಲ್ಲಲ್ಲ. ಮನೆಯಲ್ಲಾದರೆ ನಾನು ಹುಲ್ಲು ತರದಿದ್ದರೆ ಎಮ್ಮೆ ಕೂಗುತ್ತಿತ್ತು. ಹಾಸ್ಟೆಲಿನಲ್ಲಿ ನನ್ನ ದಾರಿ ಕಾಯುತ್ತಿದ್ದದ್ದು ಆ ಹಳದಿ ಹಗ್ಗ ಒಂದೇ.

ಹೋದ ವರ್ಷ ಹಳೆ ವಿದ್ಯಾರ್ಥಿಗಳ ಕೂಟಕ್ಕೆ ಬಂದಿದ್ದೆ. ಅಕ್ಕ ಈಗಿಲ್ಲ. ಭೈಯಾ ಬಂದಿರಲಿಲ್ಲ, ದೀಪಾವಳಿಗೆ ಫೋನ್ ಮಾಡುತ್ತಾನೆ, "ತಗೋ" ಅಂತಲೇ ಶುರು ಮಾಡುತ್ತಾನೆ. ಭಾಷಣಗಳು ಉದ್ದ ಆದವು ಅಂತ ನಾನು ಮೆಲ್ಲಗೆ ಎದ್ದು ಹಾಲ್‌ನ ಹಿಂಭಾಗಕ್ಕೆ ಹೋದೆ. ಚಾವಣಿಯಲ್ಲಿ ಕೊಕ್ಕೆ ಹಾಗೇ ಇದೆ, ಮೇಲೆ ಎರಡು ಮೂರು ಸಲ ಸುಣ್ಣ ಬಳಿದಿದ್ದಾರೆ ಅಷ್ಟೆ.

"ಅಂಕಲ್, ಅದು ಫ್ಯಾನಿಗಾ?" ಅಂತ ಪಕ್ಕದಲ್ಲಿ ಒಂದು ಪುಟ್ಟ ಹುಡುಗಿ ಕೇಳಿತು. ಆರನೇ ಕ್ಲಾಸು ಇರಬೇಕು, ಯೂನಿಫಾರ್ಮ್ ಇನ್ನೂ ದೊಗಳೆ.

"ಇಲ್ಲಿ ಹಗ್ಗ ಎಲ್ಲಿಟ್ಟಿರ್ತಾರೆ, ಗೊತ್ತಾ?" ಅಂದೆ.

"ಸ್ಪೋರ್ಟ್ಸ್ ರೂಮಲ್ಲಿ. ಎಷ್ಟು ಬೇಕು?"

ಹದಿನಾರು ಅಂದೆ. ಬೀಗದ ಕೈ ತರೋಕೆ ಓಡಿದಳು.