ಬಿಲ್ಲಿಗೆ ಸೇರಿಸಿದ ಟಿಪ್ಸ್

ಕಳೆದ ಭಾನುವಾರ ಜಯನಗರದ ಒಂದು ಹೋಟೆಲ್‌ನಲ್ಲಿ ಬಿಲ್ಲಿಗೆ ಶೇ. 10 ಸರ್ವಿಸ್ ಚಾರ್ಜ್ ಸೇರಿಸಿದ್ದರು. ತೆಗೆಸಿದೆ. ಹೀಗೆ ತಾವಾಗಿಯೇ ಸೇರಿಸಬಾರದು ಎಂದು 2022ರ ಜುಲೈನಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಬಡಿಸಿದ ಹುಡುಗನ ಮುಖ ಸಪ್ಪಗಾಯಿತು. ಅವನ ಕೈಗೇ 100 ರೂಪಾಯಿ ಕೊಟ್ಟೆ. "ಆ ಚಾರ್ಜ್ ದುಡ್ಡು ನಿಮಗೆ ಬರುತ್ತಾ?" ಅಂತ ಕೇಳಿದೆ. ಸುಮ್ನೆ ತಲೆ ತಗ್ಗಿಸಿದ.

ದರ್ಶಿನಿಗಳಲ್ಲಿ ಟೋಕನ್ ತೊಗೊಂಡು, ನಿಂತೇ ತಿಂದು ಹೊರಡುತ್ತೇವೆ, ಅಲ್ವಾ? ಚೆಲ್ಲಿದ ಸಾಂಬಾರ್ ಒರೆಸುವ ಅಮ್ಮನ ಕಡೆ ನೋಡುವವರೇ ಕಡಿಮೆ. ಈಗ ಫೋನ್‌ನಲ್ಲೇ ದುಡ್ಡು ಕೊಡುವುದರಿಂದ ಕೈಯಲ್ಲಿ ಚಿಲ್ಲರೆಯೂ ಇರುವುದಿಲ್ಲ. ಅದಕ್ಕೇ ನಾನು ಜೇಬಿನಲ್ಲಿ 20ರ ನೋಟು ಇಟ್ಟುಕೊಂಡಿರುತ್ತೇನೆ. ಇವತ್ತು ಆ ಅಮ್ಮ ನೋಟನ್ನು ಸೆರಗಿಗೆ ಗಂಟು ಹಾಕಿಕೊಂಡು, "ಮೊಮ್ಮಗೂಗೆ ಬನ್ ತೊಗೊಳ್ತೀನಿ" ಅಂದರು.