ದೇವಿಮನೆ ಘಟ್ಟದಲ್ಲಿ ಏರಿದ ಮುಳ್ಳು

ಕುಮಟಾದಿಂದ ಶಿರಸಿಗೆ ಹೊರಟಿದ್ದ ನಮ್ಮ ಕಾರು ಕತಗಾಲ ದಾಟಿ ದೇವಿಮನೆ ಘಟ್ಟವನ್ನು ಅರ್ಧ ಏರುವಷ್ಟರಲ್ಲಿ, ಸದಾ ನಡುಮಧ್ಯದಲ್ಲಿರುತ್ತಿದ್ದ ಉಷ್ಣಮಾಪಕದ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು. ಮುಂದೆ ತುಂಬಿದ ಲಾರಿಯೊಂದು ತೆವಳುತ್ತಿದ್ದುದರಿಂದ ನಾನು ಎರಡನೇ ಗೇರಿನಲ್ಲಿದ್ದೆ. ಕೂಡಲೇ ಎ.ಸಿ. ನಿಲ್ಲಿಸಿ, ಎಂಜಿನ್ನಿನ ಬಿಸಿ ಒಂದಿಷ್ಟಾದರೂ ಹೊರಹೋಗಲೆಂದು ಹೀಟರ್ ಹಾಕಿದೆ. ಏಪ್ರಿಲ್ ಸೆಕೆಯಲ್ಲಿ ಹೀಟರ್ ಹಾಕಿದವನನ್ನು ಹಿಂದಿನ ಸೀಟಿನಿಂದ ಅತ್ತೆ ನೋಡಿದ ಬಗೆಯನ್ನು ಬರೆಯದಿರುವುದೇ ಲೇಸು.

ಜಾಗ ಸಿಕ್ಕಲ್ಲಿ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದಾಗ, ಅತ್ತೆ ನೀರಿನ ಬಾಟಲಿ ಹಿಡಿದು ಬಂದರು. ರೇಡಿಯೇಟರಿನೊಳಗಿನ ಕೂಲೆಂಟ್, ಅಂದರೆ ಎಂಜಿನ್ನನ್ನು ತಣಿಸುವ ದ್ರವ, ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಆದರೆ ಮುಚ್ಚಳ ತೆಗೆದೊಡನೆ ಒತ್ತಡ ಇಳಿದು ಮುಖಕ್ಕೆ ಸಿಡಿಯುತ್ತದೆ. ಹಾಗಾಗಿ ಅವರನ್ನು ತಡೆದು ಮುಕ್ಕಾಲು ಗಂಟೆ ಕಾದೆವು. ಆಶ್ಚರ್ಯವೆಂದರೆ, ಹೊರಗಿನ ಡಬ್ಬಿಯಲ್ಲಿ ಕೂಲೆಂಟ್ ಕಡಿಮೆಯಾಗಿರಲೇ ಇಲ್ಲ. ಎರಡು ತಿಂಗಳ ಹಿಂದೆ ಇದೇ ತೊಂದರೆಗೆ ಒಂದು ಗ್ಯಾರೇಜಿನವರು, ಬಿಸಿಯಾದಾಗ ಬಾಯಿ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಎಂಬ ಕವಾಟವನ್ನು ಬದಲಿಸಿದ್ದರು.

ಶಿರಸಿಯ ಪರಿಚಿತ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಮುಳ್ಳು ಎಷ್ಟು ಏರಿತೆಂದು ಅವರು ಕೇಳಲಿಲ್ಲ. "ಜೋರಾಗಿ ಹೋಗುವಾಗ ಬಿಸಿ ಆಗ್ತದೋ, ನಿಧಾನ ಹೋಗುವಾಗಲೋ, ಅದನ್ನು ಹೇಳಿ" ಎಂದರು. ಹೊನ್ನಾವರದ ಹೆದ್ದಾರಿಯಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ವೇಗವಾಗಿ ಓಡುವ ಕಾರಿನ ರೇಡಿಯೇಟರಿಗೆ ಎದುರುಗಾಳಿಯೇ ಸಾಕಾಗುತ್ತದೆ. ಘಟ್ಟದಲ್ಲಿ ಎಂಜಿನ್ನಿಗೆ ದುಡಿಮೆ ಹೆಚ್ಚು, ಗಾಳಿ ಕಡಿಮೆ, ಆಗ ಫ್ಯಾನೇ ಗತಿ. ಹೆದ್ದಾರಿಯಲ್ಲೂ ಬಿಸಿಯಾಗುತ್ತಿದ್ದರೆ ಕಟ್ಟಿಕೊಂಡ ರೇಡಿಯೇಟರ್, ಸೋತ ವಾಟರ್ ಪಂಪ್ ಅಥವಾ ತೆರೆಯದ ಥರ್ಮೋಸ್ಟಾಟನ್ನು ಸಂಶಯಿಸಬೇಕಿತ್ತು. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆತ ಕಾಫಿಯಂಥ ನೊರೆ, ಸೈಲೆನ್ಸರಿನಲ್ಲಿ ಬಿಡದೆ ಬರುವ ಬಿಳಿ ಹೊಗೆ ಇವೆಯೇ ಎಂದೂ ಕೇಳಿದರು. ಇದ್ದಿದ್ದರೆ, ಎಂಜಿನ್ನಿನೊಳಗೆ ಆಯಿಲ್, ಕೂಲೆಂಟ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವಿದ್ದು, ಗಾಡಿಯನ್ನು ಎಳೆಸಿಕೊಂಡೇ ಹೋಗಬೇಕಾಗುತ್ತಿತ್ತು. ಎರಡೂ ಇರಲಿಲ್ಲ.

ಎಂಜಿನ್ ತಣಿದ ಮೇಲೆ, ಅವರು ಹೇಳಿದಂತೆ ಗಾಡಿ ಸ್ಟಾರ್ಟ್ ಮಾಡಿ ಎ.ಸಿ. ಹಾಕಿದೆ. ಆಗ ತಿರುಗಬೇಕಾದ ಫ್ಯಾನ್ ಅಲ್ಲಾಡಲಿಲ್ಲ. ಕುಮಟಾ ಪೇಟೆಯಲ್ಲಿ ಗಾಡಿ ನಿಂತಾಗಲೆಲ್ಲ ಎ.ಸಿ. ತಂಪು ಇಳಿಯುತ್ತಿದ್ದುದು ಆಗ ನೆನಪಾಯಿತು. ಗ್ಯಾಸ್ ಮುಗಿಯುತ್ತಿದೆಯೆಂದು ನಾನೇ ತೀರ್ಮಾನಿಸಿಕೊಂಡಿದ್ದೆ, ಎ.ಸಿ.ಯ ಬಿಸಿಯನ್ನು ಹೊರಬಿಡುವ ಕಂಡೆನ್ಸರಿಗೂ ಗಾಳಿ ಕೊಡುವುದು ಇದೇ ಫ್ಯಾನ್ ಎಂಬುದು ಹೊಳೆದಿರಲೇ ಇಲ್ಲ.

ಫ್ಯೂಸ್ ಸರಿಯಿತ್ತು. ಬಿಸಿ ಎಂಜಿನ್ನಿನ ಫ್ಯಾನ್ ತಾನಾಗಿಯೇ ತಿರುಗಿಬಿಡಬಹುದಾದ್ದರಿಂದ ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿಯನ್ನೂ ಬಿಚ್ಚಿ, ಆಮೇಲೆ ಫ್ಯಾನಿನ ಕನೆಕ್ಟರ್ ಎಳೆದು ನೋಡಿದೆ. ಪಿನ್ನುಗಳ ತುಂಬ ಹಸಿರು ಕಿಲುಬು! ಧಾರೇಶ್ವರದ ನಮ್ಮ ಮನೆಯಲ್ಲಿ ಕಿಟಕಿಯ ಸರಳನ್ನೂ ತಿನ್ನುವ ಉಪ್ಪುಗಾಳಿ ಇದನ್ನು ಬಿಟ್ಟೀತೇ? ಚಾಕುವಿನ ತುದಿಯಿಂದ ಕೆರೆದು ಮತ್ತೆ ಸಿಕ್ಕಿಸಿ, ಬ್ಯಾಟರಿ ಜೋಡಿಸಿ ಎ.ಸಿ. ಹಾಕಿದಾಗ ಫ್ಯಾನ್ ಸದ್ದು ಮಾಡುತ್ತ ತಿರುಗಿತು.

ಶಿರಸಿಯಲ್ಲಿ ಮೆಕ್ಯಾನಿಕ್ ಹೊಸ ಕನೆಕ್ಟರ್ ಹಾಕಿದರು. ಡಿಕ್ಕಿಯಲ್ಲಿ ಬಿದ್ದಿದ್ದ ಹಳೆಯ ಥರ್ಮೋಸ್ಟಾಟನ್ನು ಕಂಡು, ಅದನ್ನು ಕುದಿಯುವ ನೀರಿನ ಪಾತ್ರೆಗೆ ಹಾಕಿ ನನ್ನನ್ನು ಕರೆದರು. ಅದು ನಿಧಾನವಾಗಿ, ಪೂರ್ತಿಯಾಗಿ ಬಾಯಿ ತೆರೆಯಿತು.